ನೀರು ಆರಿದ ಮೇಲೂ ಉಳಿಯುವುದು

ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಅದರ ಎರಡು ರೆಕಾರ್ಡರುಗಳು ಸಿಕ್ಕಿದ್ದು 2011ರ ಮೇ ಮೊದಲ ವಾರದಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ. ಇಪ್ಪತ್ತಮೂರು ತಿಂಗಳು ಉಪ್ಪುನೀರಿನಲ್ಲಿ ನೆನೆದ ಆ ಪೆಟ್ಟಿಗೆಗಳನ್ನು ಮೇಲೆತ್ತಿದವರು ಒರೆಸಿ ಗಾಳಿಗೆ ಇಡಲಿಲ್ಲ. ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಯೇ ಪ್ಯಾರಿಸ್ ಹತ್ತಿರದ ಲೆ ಬೂರ್ಜೆಗೆ, ಫ್ರಾನ್ಸಿನ ವಿಮಾನ ಅಪಘಾತ ತನಿಖಾ ಸಂಸ್ಥೆ ಬಿಇಎಯ ಪ್ರಯೋಗಾಲಯಕ್ಕೆ ಸಾಗಿಸಿದರು. ಅಲ್ಲಿ ಮೆಮೊರಿ ಬೋರ್ಡುಗಳ ಮೇಲಿನ ರಕ್ಷಣಾ ಲೇಪ ತೆಗೆದು, ಶುಚಿ ಮಾಡಿ, ಒಣಗಿಸಿ, ವಿದ್ಯುತ್ ಅಳತೆಗಳನ್ನು ಮುಗಿಸಿದ ಮೇಲಷ್ಟೇ ಓದಲು ಕೂತರು. ಹಾರಾಟದ ದಾಖಲೆ ಪೂರ್ತಿ ಸಿಕ್ಕಿತು. ಕಾಕ್‌ಪಿಟ್ಟಿನ ಕೊನೆಯ ಎರಡು ಗಂಟೆಯ ಧ್ವನಿಯೂ ಸಿಕ್ಕಿತು.

ಸಮುದ್ರದಿಂದ ತೆಗೆದ ರೆಕಾರ್ಡರನ್ನು ದಾರಿಯಲ್ಲಿ ಒಣಗಲು ಬಿಡಬಾರದು, ಸಿಹಿನೀರಿನಲ್ಲಿ ಇಟ್ಟೇ ತರಬೇಕು ಎನ್ನುವುದು ಆ ಕ್ಷೇತ್ರದ ರೂಢಿ. ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಫೋನು ಬಕೆಟ್ಟಿಗೆ ಬಿದ್ದಾಗ, ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಿದಾಗ, ಮಳೆನೀರು ನುಗ್ಗಿ ಯುಪಿಎಸ್ ಮುಳುಗಿದಾಗ ನಮ್ಮ ಕೈ ಹುಡುಕುವುದು ಬಟ್ಟೆ, ಫ್ಯಾನು, ಹೇರ್ ಡ್ರೈಯರು, ಅಕ್ಕಿ ಡಬ್ಬಿ. ಎಲ್ಲವೂ ಒಣಗಿಸುವ ಸಾಧನಗಳೇ. ತೊಳೆಯುವ ಯೋಚನೆ ಯಾರಿಗೂ ಬರುವುದಿಲ್ಲ, ಬಂದರೂ ಹುಚ್ಚೆನಿಸುತ್ತದೆ. ಆದರೆ ನೆಂದ ಸರ್ಕ್ಯೂಟ್ ಬೋರ್ಡುಗಳ ಬಗ್ಗೆ ಕಾರ್ಖಾನೆ, ರಿಪೇರಿ ಅಂಗಡಿ, ಪ್ರಯೋಗಾಲಯ ಈ ಮೂರು ಕಡೆ ಕಲಿತದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಆತುರದ ಕ್ರಮವೇ ತಿರುಗುಮುರುಗು ಎಂದು ಗೊತ್ತಾಗುತ್ತದೆ. ಮೊದಲು ವಿದ್ಯುತ್ ಕಡಿಯಬೇಕು, ಆಮೇಲೆ ತೊಳೆಯಬೇಕು. ಒಣಗಿಸುವ ಕೆಲಸ ಕೊನೆಯದು.

ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದು ಬಹಳ ಕಡಿಮೆ. ಚಿಪ್ ಕಾರ್ಖಾನೆಗಳು ಬಳಸುವ ಅತಿಶುದ್ಧ ನೀರಿನ ವಾಹಕತೆ ಸೆಂಟಿಮೀಟರಿಗೆ 0.055 ಮೈಕ್ರೊಸೀಮೆನ್ಸ್; ಸಮುದ್ರದ ನೀರಿನದು ಸುಮಾರು 50,000. ಹತ್ತು ಲಕ್ಷ ಪಟ್ಟಿನ ಹತ್ತಿರದ ಅಂತರ. ಇವೆರಡರ ನಡುವೆ ಎಲ್ಲೋ ನಮ್ಮ ನಲ್ಲಿ ನೀರು ಬರುತ್ತದೆ. ಬೆಂಗಳೂರಿನ ಮನೆಗಳಲ್ಲಾದರೆ ಕಾವೇರಿ ನೀರಿನದು ಒಂದು ಮಟ್ಟ, ಬೋರ್‌ವೆಲ್ಲಿನ ಗಡಸು ನೀರಿನದು ಅದಕ್ಕಿಂತ ಮೇಲಿನ ಮಟ್ಟ. ಈ ಅಂತರ ತರುವುದು ಕರಗಿರುವ ಲವಣ. ಬೋರ್ಡಿಗೆ ಕೇಡು ಮಾಡುವುದು ನೀರು ಹೊತ್ತು ತಂದ ಸೋಡಿಯಂ, ಕ್ಲೋರೈಡ್, ಕ್ಯಾಲ್ಸಿಯಂ. ಜೊತೆಗೆ ಬೆಸುಗೆಯ ಕಾಲದಿಂದಲೂ ಅಲ್ಲೇ ಕೂತಿರುವ ಫ್ಲಕ್ಸಿನ, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚಿದ ರಾಸಾಯನಿಕದ ಉಳಿಕೆ ಮತ್ತು ವರ್ಷಗಟ್ಟಲೆ ಸೇರಿದ ಧೂಳು.

ಲವಣ ಒಂದೇ ಇದ್ದರೆ ಹಾನಿ ನಿಧಾನ. ಅದರ ಜೊತೆ ವೋಲ್ಟೇಜ್ ಸೇರಿದರೆ ಕಥೆ ಬೇರೆ. ಎರಡು ತಾಮ್ರದ ಗೆರೆಗಳ ನಡುವೆ ಕೆಲವೇ ವೋಲ್ಟ್ ಇದ್ದು ಮೇಲೊಂದು ಹನಿ ಕೂತರೆ, ಧನ ಬದಿಯ ಲೋಹ ಅಯಾನಾಗಿ ಕರಗಿ ಹೊರಡುತ್ತದೆ, ಋಣ ಬದಿಗೆ ಹೋಗಿ ಮತ್ತೆ ಲೋಹವಾಗಿ ಕೂರುತ್ತದೆ. ಕೂತದ್ದು ಮರದ ಬೇರಿನಂತೆ ಕವಲೊಡೆಯುತ್ತ ಧನ ಬದಿಯತ್ತ ವಾಪಸು ಬೆಳೆಯುತ್ತದೆ. ಎರಡೂ ಮುಟ್ಟಿದ ಗಳಿಗೆ ಶಾರ್ಟ್. ಬೋರ್ಡಿನ ಮೇಲಿನ ಅಂತರಗಳು ಈಗ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿರುವುದರಿಂದ ಈ ಬೆಳವಣಿಗೆಗೆ ದಿನಗಳು ಬೇಕಿಲ್ಲ, ನಿಮಿಷಗಳು ಸಾಕು. ತವರ, ತಾಮ್ರ, ಬೆಳ್ಳಿ ಎಲ್ಲವೂ ಹೀಗೆ ವಲಸೆ ಹೋಗುತ್ತವೆ. ಬೆಳ್ಳಿಯದು ಎಲ್ಲಕ್ಕಿಂತ ಜೋರು. 1955ರಷ್ಟು ಹಿಂದೆಯೇ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಟೆಲಿಫೋನ್ ಉಪಕರಣಗಳಲ್ಲಿ ಬೆಳ್ಳಿ ನಿರೋಧಕ ಹಲಗೆಯ ಮೂಲಕ ನಡೆದುಹೋಗುವುದನ್ನು ವಿವರವಾಗಿ ಬರೆದಿಟ್ಟಿದ್ದರು. ಅಲ್ಲಿ ಯಾರೂ ನೀರು ಚೆಲ್ಲಿರಲಿಲ್ಲ, ಗಾಳಿಯ ತೇವವೇ ಸಾಕಾಗಿತ್ತು.

ಫೋನನ್ನು ಆಫ್ ಮಾಡಿದೆ, ಇನ್ನೇನು ಭಯವಿಲ್ಲ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆಫ್ ಆದ ಫೋನಿನಲ್ಲೂ ಬ್ಯಾಟರಿಯ ಲೈನು ಬೋರ್ಡಿಗೆ ತಾಗಿಯೇ ಇರುತ್ತದೆ. ಪವರ್ ಬಟನ್ ಒತ್ತಿದ್ದನ್ನು ಗುರುತಿಸಲು ಒಂದು ಐಸಿ ಎಚ್ಚರವಾಗಿರಲೇಬೇಕು. ನೀರನ್ನು ಒಡೆಯಲು ಬೇಕಾದ ಕನಿಷ್ಠ ವೋಲ್ಟೇಜ್ 1.23; ಲಿಥಿಯಂ ಸೆಲ್ಲಿನದು 3.7ರ ಆಸುಪಾಸು. ಅಂದರೆ ಟೇಬಲ್ ಮೇಲೆ ಸತ್ತಂತೆ ಬಿದ್ದಿರುವ ಫೋನಿನೊಳಗೆ ತಾಮ್ರ ಕರಗುತ್ತಲೇ ಇರಬಹುದು. ಹಿಂಬದಿ ಮುಚ್ಚಳ ತೆಗೆದು ಬ್ಯಾಟರಿ ಕೀಳುತ್ತಿದ್ದ ಕಾಲದ ಫೋನುಗಳು ಈ ಒಂದು ಕಾರಣಕ್ಕೇ ಹೆಚ್ಚು ಬದುಕುತ್ತಿದ್ದವು. ಈಗಿನವು ಅಂಟು ಹಾಕಿ ಮುಚ್ಚಿದವು. ಆ ಅಂಟು ನೀರನ್ನು ಒಳಗೆ ಬಿಡದಿರಲು ಎಷ್ಟು ಒಳ್ಳೆಯದೋ, ಒಳಗೆ ಹೋದದ್ದನ್ನು ಹೊರಗೆ ಬಿಡದಿರುವುದರಲ್ಲೂ ಅಷ್ಟೇ ಗಟ್ಟಿ. ಬೋರ್ಡಿನಲ್ಲಿ ಮೊದಲು ಸುಡುವುದು ಹೆಚ್ಚು ವೋಲ್ಟೇಜಿನ ಜಾಗ. ಎಲ್‌ಸಿಡಿ ಫೋನುಗಳಲ್ಲಿ ಅದು ಪರದೆಯ ಹಿಂಬೆಳಕಿನ ಸರ್ಕ್ಯೂಟು. ನೀರು ಬಿದ್ದ ಸೆಟ್ ಬಂದರೆ ಅನುಭವಿ ರಿಪೇರಿಯವರ ಕಣ್ಣು ಅಲ್ಲಿಗೇ ಹೋಗುವುದು ಅದಕ್ಕೆ.

ಐಪಿ68 ಎಂದು ಡಬ್ಬಿಯ ಮೇಲೆ ಬರೆದಿರುವುದರಿಂದ ಧೈರ್ಯ ಮಾಡುವವರೂ ಇದ್ದಾರೆ. ಐಇಸಿ 60529 ಎಂಬ ಮಾನದಂಡದ ಪ್ರಕಾರ ಐಪಿ67 ಅಂದರೆ ಒಂದು ಮೀಟರ್ ಆಳದಲ್ಲಿ ಮೂವತ್ತು ನಿಮಿಷ. ಐಪಿ68ರ ಆಳವನ್ನೂ ಸಮಯವನ್ನೂ ಕಂಪನಿಯೇ ಹೇಳಿಕೊಳ್ಳುತ್ತದೆ. ಪರೀಕ್ಷೆ ನಡೆಯುವುದು ಹೊಸ ಸೆಟ್ಟಿನ ಮೇಲೆ, ನಿಂತ ಸಿಹಿನೀರಿನಲ್ಲಿ. ಎರಡು ಸಲ ನೆಲಕ್ಕೆ ಬಿದ್ದು ಒಮ್ಮೆ ಡಿಸ್‌ಪ್ಲೇ ಬದಲಾದ ಫೋನು, ಪಣಂಬೂರಿನ ಅಲೆ, ಸೋಪಿನ ನೀರು ಇವು ಆ ಪರೀಕ್ಷೆಯ ಲೆಕ್ಕದಲ್ಲಿಲ್ಲ.

ನೀರು ಬೋರ್ಡಿನ ಶತ್ರು ಎಂದು ನಂಬಿದವರು ಬೋರ್ಡು ಹುಟ್ಟುವ ಜಾಗ ನೋಡಬೇಕು. 1980ರ ದಶಕದವರೆಗೆ ಬೆಸುಗೆ ಮುಗಿದ ಬೋರ್ಡುಗಳ ಫ್ಲಕ್ಸನ್ನು ತೆಗೆಯಲು ಕಾರ್ಖಾನೆಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದು ಸಿಎಫ್‌ಸಿ-113 ಎಂಬ ದ್ರಾವಕವನ್ನು. ಬೇಗ ಆವಿಯಾಗುತ್ತಿತ್ತು, ಬೆಂಕಿ ಹತ್ತುತ್ತಿರಲಿಲ್ಲ. ಆದರೆ ಓಝೋನ್ ಪದರವನ್ನು ತಿನ್ನುವ ಪಟ್ಟಿಯಲ್ಲಿ ಅದೂ ಇತ್ತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಉದ್ಯಮ ಎರಡು ದಾರಿ ಹಿಡಿಯಿತು. ತೊಳೆಯದಿದ್ದರೂ ನಡೆಯುವ ಫ್ಲಕ್ಸ್ ಒಂದು ದಾರಿ. ನೀರಿನಲ್ಲಿ ಕರಗುವ ಫ್ಲಕ್ಸ್ ಬಳಸಿ ಬೋರ್ಡನ್ನು ಅಯಾನು ತೆಗೆದ ಬಿಸಿ ನೀರಿನ ಧಾರೆಯಲ್ಲಿ ತೊಳೆಯುವುದು ಇನ್ನೊಂದು. ಇಂದಿಗೂ ಎಷ್ಟೋ ಬೋರ್ಡುಗಳು ಹುಟ್ಟಿದ ದಿನವೇ ಸ್ನಾನ ಮಾಡಿಯೇ ಹೊರಗೆ ಬರುತ್ತವೆ. ಅದಕ್ಕೂ ಹಿಂದೆ, ಆಸಿಲೋಸ್ಕೋಪು ತಯಾರಿಸುತ್ತಿದ್ದ ಅಮೆರಿಕದ ಟೆಕ್ಟ್ರಾನಿಕ್ಸ್ ಕಂಪನಿ ಸರ್ವಿಸ್ಸಿಗೆ ಬಂದ ಧೂಳು ಹಿಡಿದ ಯಂತ್ರಗಳನ್ನು ಸೋಪು ನೀರು ಸಿಂಪಡಿಸಿ ತೊಳೆದು, ಕಡಿಮೆ ಬಿಸಿಯ ಗೂಡಿನಲ್ಲಿ ಒಣಗಿಸುತ್ತಿತ್ತು. ಟ್ರಾನ್ಸ್‌ಫಾರ್ಮರು, ವಾಲ್ವು ಎಲ್ಲ ಒಳಗೇ ಇರುತ್ತಿದ್ದವು.

ತೊಳೆದದ್ದು ಸಾಕೇ ಎಂದು ನೋಡಲು ಕಾರ್ಖಾನೆಗಳು ಬಹುಕಾಲ ನಂಬಿದ ಅಳತೆ ಒಂದಿತ್ತು: ಒಂದು ಚದರ ಸೆಂಟಿಮೀಟರಿನಲ್ಲಿ 1.56 ಮೈಕ್ರೊಗ್ರಾಂ ಅಡುಗೆ ಉಪ್ಪಿಗೆ ಸಮನಾದ ಅಯಾನುಗಳಿಗಿಂತ ಹೆಚ್ಚು ಇರಬಾರದು. 1970ರ ದಶಕದ ಅಮೆರಿಕನ್ ಸೇನಾ ಮಾನದಂಡದಿಂದ ಬಂದ ಈ ಅಂಕಿ ಇಂದಿನ ಒತ್ತಾದ ಬೋರ್ಡುಗಳಿಗೆ ಸಾಲದು ಎಂದು ಎಲೆಕ್ಟ್ರಾನಿಕ್ಸ್ ಉದ್ಯಮದ ಮಾನದಂಡ ರೂಪಿಸುವ ಐಪಿಸಿ ಸಂಸ್ಥೆ 2018ರಲ್ಲಿ ಅದೊಂದನ್ನೇ ಪುರಾವೆಯಾಗಿ ಒಪ್ಪುವುದನ್ನು ಬಿಟ್ಟಿತು. ಹಳೆಯದಾದರೂ ಆ ಅಂಕಿಯಿಂದ ಒಂದು ಲೆಕ್ಕ ಹಾಕಬಹುದು. ಸಮುದ್ರದ ಒಂದು ಹನಿ, ಅಂದರೆ ಮಿಲಿಲೀಟರಿನ ಇಪ್ಪತ್ತನೇ ಒಂದು ಭಾಗ. ಅದರಲ್ಲಿರುವ ಉಪ್ಪು ಸುಮಾರು 1,750 ಮೈಕ್ರೊಗ್ರಾಂ. ಎರಡು ಎ4 ಹಾಳೆಗೆ ತುಸು ಕಡಿಮೆ ವಿಸ್ತಾರದ ಬೋರ್ಡನ್ನು ಆ ಮಿತಿಗೆ ಮುಟ್ಟಿಸಲು ಅಷ್ಟು ಸಾಕು. ಅಂಗೈಯಗಲದ ಫೋನ್ ಬೋರ್ಡಿನ ಒಂದು ಮೂಲೆಯಲ್ಲಿ ಆ ಹನಿ ಆರಿದರೆ ಏನಾಗಬೇಕು?

ಆರಿದ ಮೇಲೂ ಅದು ಸುಮ್ಮನಿರುವುದಿಲ್ಲ. ಅಡುಗೆ ಉಪ್ಪು ಗಾಳಿಯ ತೇವ ಶೇಕಡ 75 ದಾಟಿದರೆ ತಾನೇ ನೀರನ್ನೆಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಜೊತೆಗಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡ 33 ಸಾಕು. ಮಂಗಳೂರು, ಕಾರವಾರಗಳ ಆಷಾಢದಲ್ಲಿ ಗಾಳಿಯ ತೇವ ದಿನಗಟ್ಟಲೆ 75ರ ಮೇಲೇ ಇರುತ್ತದೆ. ಬೇಸಿಗೆಯಲ್ಲಿ ನೆಂದು, ಒಣಗಿ, ಚೆನ್ನಾಗಿಯೇ ನಡೆಯುತ್ತಿದ್ದ ಸೆಟ್ಟು ಜೂನ್ ಬಂದ ಕೂಡಲೇ ಕೈಕೊಟ್ಟರೆ ಅದಕ್ಕೆ ಹಳೆಯ ಹನಿಯೇ ಕಾರಣವಾಗಿರಬಹುದು. ಅಂಗಡಿಯವರು ನೀರು ಬಿದ್ದ ಸೆಟ್ಟಿಗೆ ಗ್ಯಾರಂಟಿ ಇಲ್ಲ ಎಂದು ಮೊದಲೇ ಹೇಳುವುದು ಜಾರಿಕೊಳ್ಳಲು ಮಾತ್ರ ಅಲ್ಲ.

ಅಕ್ಕಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ಅದು ಫೋನಿನೊಳಗಿನ ನೀರನ್ನು ಎಳೆಯುವುದಿಲ್ಲ. ಪಕ್ಕದಲ್ಲಿರುವ ಗಾಳಿಯ ತೇವವನ್ನು ಸ್ವಲ್ಪ ಹೀರುತ್ತದೆ, ಅಷ್ಟೆ. ತೆರೆದ ಜಾಗದಲ್ಲಿ ಫ್ಯಾನಿನ ಕೆಳಗಿಟ್ಟರೆ ಅದಕ್ಕಿಂತ ಚೆನ್ನಾಗಿ ಒಣಗುತ್ತದೆ. ಅಕ್ಕಿಯ ಪುಡಿ ಚಾರ್ಜಿಂಗ್ ತೂತಿಗೆ ಹೊಕ್ಕರೆ ಬೇರೆ ರಗಳೆ. ಆಪಲ್ ಕಂಪನಿ 2024ರ ಆರಂಭದಲ್ಲಿ ಅಕ್ಕಿ ಚೀಲದಲ್ಲಿ ಇಡಬೇಡಿ ಎಂದು ತನ್ನ ಸಲಹೆಯಲ್ಲಿ ಬಾಯಿಬಿಟ್ಟೇ ಬರೆಯಿತು. ಆದರೂ ಈ ನಂಬಿಕೆ ಸಾಯುವುದಿಲ್ಲ, ಏಕೆಂದರೆ ಅಕ್ಕಿಯಲ್ಲಿ ಇಟ್ಟ ಕೆಲವು ಫೋನುಗಳು ಬದುಕುತ್ತವೆ. ಅವು ಇಡದಿದ್ದರೂ ಬದುಕುತ್ತಿದ್ದವು. ಅಕ್ಕಿಯ ನಿಜವಾದ ನಷ್ಟ ಸಮಯದ್ದು: ಎರಡು ದಿನ ಡಬ್ಬಿಯೊಳಗೆ ಇದ್ದ ಫೋನಿನಲ್ಲಿ ತಾಮ್ರ ಹಸಿರಾಗಲು ಬೇಕಾದಷ್ಟು ಹೊತ್ತು ಸಿಕ್ಕಿರುತ್ತದೆ.

ಹಾಗಾದರೆ ತೊಳೆಯುವುದು ಹೇಗೆ? ಬ್ಯಾಟರಿ ಕಳಚಿದ, ಪ್ಲಗ್ಗಿನಿಂದ ತೆಗೆದ, ಕೆಪಾಸಿಟರುಗಳ ಚಾರ್ಜು ಇಳಿದಿದೆ ಎಂದು ಮೀಟರಿನಲ್ಲಿ ನೋಡಿದ ಬೋರ್ಡಿಗೆ ಮಾತ್ರ ಈ ಮಾತು ಅನ್ವಯ. ಟಿವಿ, ಕಂಪ್ಯೂಟರುಗಳ ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ನಿಂತಿರುತ್ತದೆ, ಪ್ಲಗ್ ತೆಗೆದರೂ ಕೂಡಲೇ ಇಳಿಯುವುದಿಲ್ಲ. ಕೈ ಪಳಗದವರು ಅದನ್ನು ಬಿಚ್ಚಬಾರದು. ಬೋರ್ಡು ಹೊರಬಂದ ಮೇಲೆ ಐಸಿಗಳ ಮೇಲಿನ ಲೋಹದ ಶೀಲ್ಡ್ ಮುಚ್ಚಳಗಳನ್ನು ತೆಗೆಯದಿದ್ದರೆ ತೊಳೆದದ್ದು ಬರೀ ಮೇಲ್ಮೈ. ನೀರು ನಿಲ್ಲುವುದೇ ಅವುಗಳ ಕೆಳಗೆ.

ಇಲ್ಲಿ ಆಗುವ ದೊಡ್ಡ ಗೊಂದಲ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲಿನ ಬಗ್ಗೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಯವರೆಗೆ ಎಲ್ಲರ ಮೇಜಿನ ಮೇಲೂ ಅದರ ಬಾಟಲಿ ಇರುತ್ತದೆ, ಎಲ್ಲ ರೋಗಕ್ಕೂ ಅದೇ ಮದ್ದು. ಫ್ಲಕ್ಸು, ಜಿಡ್ಡು ಅದರಲ್ಲಿ ಚೆನ್ನಾಗಿ ಕರಗುತ್ತವೆ. ಉಪ್ಪು ಕರಗುವುದಿಲ್ಲ, ಕರಗಿದರೂ ಹೆಸರಿಗಷ್ಟೆ. ಸಮುದ್ರದ ನೀರು, ಬೆವರು, ಎಳನೀರು ತಾಗಿದ ಬೋರ್ಡನ್ನು ನೇರವಾಗಿ ಐಪಿಎಯಲ್ಲಿ ಅದ್ದಿದರೆ ನೀರು ಹೋಗುತ್ತದೆ, ಲವಣ ಬಿಳಿಯಾಗಿ ಅಲ್ಲೇ ಕೂರುತ್ತದೆ. ಲವಣವನ್ನು ಕರಗಿಸಿ ಹೊತ್ತೊಯ್ಯಲು ನೀರೇ ಬೇಕು, ಅದೂ ತನ್ನದೇನನ್ನೂ ಬಿಟ್ಟುಹೋಗದ ನೀರು: ಡಿಸ್ಟಿಲ್ಡ್ ವಾಟರ್ ಅಥವಾ ಡಿಮಿನರಲೈಸ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ನಂಬಿಕೆಯ ತಯಾರಿಯದಾಗಿದ್ದರೆ ಮೊದಲ ತೊಳೆತಕ್ಕೆ ಆದೀತು. ಅದರಲ್ಲಿ ನೆನೆಸಿ, ಮೃದುವಾದ ಬ್ರಷ್ಷಿನಿಂದ ಉಜ್ಜಿ, ನೀರು ಬದಲಿಸಿ, ಮತ್ತೆ ಉಜ್ಜಬೇಕು. ಐಪಿಎಯ ಸರದಿ ಬರುವುದು ಆಮೇಲೆ. ಅದು ನೀರಿನೊಡನೆ ಬೆರೆತು, ಐಸಿಯ ಕಾಲುಗಳ ಸಂದಿಯಲ್ಲಿ ಅಡಗಿದ ನೀರನ್ನು ಹೊರಗೆ ತಂದು, ತಾನೂ ಬೇಗ ಆವಿಯಾಗುತ್ತದೆ. ಅದಕ್ಕೆ ಬೇಕಾದದ್ದು ಶೇಕಡ 99ರದು. ಕೊರೊನಾ ಕಾಲದಿಂದ ಮನೆಮನೆಯಲ್ಲೂ ಉಳಿದಿರುವ ಸ್ಯಾನಿಟೈಸರ್ ಬೇಡ. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ನೀರು, ಮೇಲೆ ಗ್ಲಿಸರಿನ್ನಿನ ಅಂಟು. ಐಪಿಎಗೆ 12 ಡಿಗ್ರಿ ಬಿಸಿಯಲ್ಲೇ ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿ ಏಳುತ್ತದೆ ಎಂಬುದನ್ನೂ ನೆನಪಿಡಬೇಕು. ಬೆಸುಗೆಯ ಕಡ್ಡಿ ಕಾದಿರುವ ಅದೇ ಮೇಜಿನ ಮೇಲೆ ತೆರೆದ ತಟ್ಟೆಯಲ್ಲಿ ಅದನ್ನಿಡುವ ಅಂಗಡಿಗಳನ್ನು ಕಂಡಾಗ ನನಗೆ ಬೋರ್ಡಿಗಿಂತ ಅಂಗಡಿಯದೇ ಚಿಂತೆ.

ಚೆಲ್ಲಿದ್ದು ಏನು ಎಂಬುದರ ಮೇಲೆ ತೊಳೆತ ಬದಲಾಗುತ್ತದೆ. ಸಕ್ಕರೆ ಹಾಕಿದ ಕಾಫಿಗೆ ಉಗುರುಬೆಚ್ಚಗಿನ ನೀರು ಬೇಕು. ಸಕ್ಕರೆಗೂ ಐಪಿಎಗೂ ಹೊಂದುವುದಿಲ್ಲ. ಹಾಲಿನ ಕೊಬ್ಬು, ಪ್ರೋಟೀನು ಹೋಗಲು ಒಂದೆರಡು ಹನಿ ಸೌಮ್ಯ ಸೋಪು ಬೇಕು, ಆ ಸೋಪು ಹೋಗಲು ಮತ್ತೆ ನೀರು. ಪೊಟ್ಯಾಸಿಯಂ ತುಂಬಿದ ಎಳನೀರು ದೇಹಕ್ಕೆ ತಂಪು, ಬೋರ್ಡಿಗೆ ಅಲ್ಲ. ತಮಾಷೆಯೆಂದರೆ ಕೊಬ್ಬರಿ ಎಣ್ಣೆ ಚೆಲ್ಲಿದರೆ ಅಂಥ ಅವಸರವಿಲ್ಲ, ಎಣ್ಣೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಥಿನ್ನರು, ಪೆಟ್ರೋಲು, ಉಗುರುಬಣ್ಣ ತೆಗೆಯುವ ಅಸಿಟೋನು ಇವು ಪ್ಲಾಸ್ಟಿಕ್ ಕನೆಕ್ಟರುಗಳನ್ನೇ ಮೆತ್ತಗೆ ಮಾಡುತ್ತವೆ. ತುಕ್ಕಿಗೆ ಹೊಡೆಯುವ ಡಬ್ಲ್ಯುಡಿ-40 ನೀರನ್ನು ಸರಿಸುವುದೇನೋ ನಿಜ, ಆದರೆ ಹಿಂದೆ ಎಣ್ಣೆಯ ಪದರ ಬಿಡುತ್ತದೆ. ಅದರಡಿಯ ಉಪ್ಪು ಹಾಗೆಯೇ ಇರುತ್ತದೆ.

ಅಲ್ಟ್ರಾಸಾನಿಕ್ ತೊಟ್ಟಿ ಈಗ ಸಣ್ಣ ಅಂಗಡಿಗಳಲ್ಲೂ ಇದೆ. ಸೆಕೆಂಡಿಗೆ 40,000 ಸಲ ಅದುರುವ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಬ್ರಷ್ ಹೋಗದ ಸಂದಿಯ ಕೊಳೆ ಎದ್ದುಬರುತ್ತದೆ. ಬೆಸುಗೆಯ ಗುಂಡುಗಳೆಲ್ಲ ಅಡಿಯಲ್ಲೇ ಇರುವ ಬಿಜಿಎ ಐಸಿಯ ಹೊಟ್ಟೆಯಡಿಯನ್ನು ತಲುಪಲು ಇದಕ್ಕಿಂತ ಒಳ್ಳೆಯ ದಾರಿ ಸಾಮಾನ್ಯ ಅಂಗಡಿಗೆ ಇಲ್ಲ. ಆದರೆ ಅದುರಿದರೆ ಕೆಡುವ ಭಾಗಗಳೂ ಅದೇ ಬೋರ್ಡಿನ ಮೇಲಿರುತ್ತವೆ: ಕ್ವಾರ್ಟ್ಜ್ ಹರಳು, ಸಿಲಿಕಾನಿನಲ್ಲೇ ಕೊರೆದ ಮೈಕು, ತಿರುಗುವಿಕೆ ಅಳೆಯುವ ಜೈರೊ. ಕ್ಯಾಮೆರಾ, ಡಿಸ್‌ಪ್ಲೇ, ಬ್ಯಾಟರಿಗಳಂತೂ ಒಳಗೆ ಹೋಗಲೇಬಾರದು. ಕೆಲವೇ ನಿಮಿಷ ಇಟ್ಟು ತೆಗೆಯುವವರ ಕೈಯಲ್ಲಿ ಒಳ್ಳೆಯ ಸಾಧನ. ಹಾಕಿ ಊಟಕ್ಕೆ ಹೋಗುವವರ ಕೈಯಲ್ಲಿ ಅಲ್ಲ.

ಇನ್ನು ಒಣಗಿಸುವುದು. ಹೇರ್ ಡ್ರೈಯರಿನ ಗಾಳಿ ನೀರನ್ನು ಇನ್ನಷ್ಟು ಒಳಗೆ ನೂಕುತ್ತದೆ, ಹತ್ತಿರ ಹಿಡಿದರೆ ಅಂಟು, ಪ್ಲಾಸ್ಟಿಕ್ಕು ಬಾಗುತ್ತವೆ. ಕಾರ್ಖಾನೆಗಳಲ್ಲಿ ತೇವ ಹೀರಿದ ಚಿಪ್ಪುಗಳನ್ನು 125 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಹಾಗೆ ಮಾಡದೆ ಬೆಸುಗೆಯ ಬಿಸಿಗೆ ಒಡ್ಡಿದರೆ ಒಳಗಿನ ತೇವ ಆವಿಯಾಗಿ ಚಿಪ್ಪಿನ ಮೈ ಸೀಳುತ್ತದೆ. ಆ ಅಂಕಿಯನ್ನು ಕೇಳಿ ಮನೆಯ ಓವನ್ನಿಗೆ ಕೈ ಹಾಕಬಾರದು. ಕನೆಕ್ಟರು, ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಎಲ್ಲ ಇರುವ ಪೂರ್ತಿ ಬೋರ್ಡಿಗೆ 50ರಿಂದ 60 ಡಿಗ್ರಿ, ಜೊತೆಗೆ ಆಡುವ ಗಾಳಿ, ಸಾಕಷ್ಟು ಹೊತ್ತು, ಇಷ್ಟು ಸಾಕು. ಮಳೆಗಾಲದ ಕರಾವಳಿ, ಮಲೆನಾಡುಗಳಲ್ಲಿ ಬರೀ ಗಾಳಿಗೆ ಇಟ್ಟರೆ ಉಪಯೋಗ ಕಡಿಮೆ, ಗಾಳಿಯೇ ಒದ್ದೆ. ಸಿಲಿಕಾ ಜೆಲ್ ತುಂಬಿದ ಬಿಗಿ ಮುಚ್ಚಳದ ಡಬ್ಬಿ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಡೇಟಾ ಮರಳಿ ಪಡೆಯುವ ಪ್ರಯೋಗಾಲಯಗಳು ನಿರ್ವಾತದ ಪೆಟ್ಟಿಗೆ ಬಳಸುವುದೂ ಉಂಟು. ಒತ್ತಡ ಇಳಿದರೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಒಣಗಿದೆ ಎಂದು ಗೊತ್ತಾದ ಮೇಲೂ ನೇರವಾಗಿ ಬ್ಯಾಟರಿ ಸಿಕ್ಕಿಸದೆ, ಕರೆಂಟಿಗೆ ಮಿತಿ ಇಡಬಲ್ಲ ಡಿಸಿ ಸಪ್ಲೈಯಿಂದ ಶುರು ಮಾಡುವುದು ಬಲ್ಲವರ ಕ್ರಮ. ಸೆಟ್ ಆನ್ ಆಯಿತೆಂದರೆ ಮೊದಲ ಕೆಲಸ ಫೋಟೊ, ದಾಖಲೆಗಳನ್ನು ಬೇರೆಡೆಗೆ ತೆಗೆದಿಡುವುದು. ಅದು ನಾಳೆಯೂ ಆನ್ ಆಗುತ್ತದೆಂಬ ಭರವಸೆ ಯಾರೂ ಕೊಡಲಾರರು.

ಒಂದು ಫೋನಿನ ಲೆಕ್ಕ ಹೀಗಾದರೆ ಪ್ರವಾಹದ ಲೆಕ್ಕ ಬೇರೆ. 2011ರಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ಅಯುತ್ಥಯಾ ಪ್ರಾಂತ್ಯದ ಬಾಂಗ್ ಪ-ಇನ್‌ನಲ್ಲಿದ್ದ ವೆಸ್ಟರ್ನ್ ಡಿಜಿಟಲ್‌ನ ಹಾರ್ಡ್ ಡಿಸ್ಕ್ ಕಾರ್ಖಾನೆ ಮುಳುಗಿತು, ಜಗತ್ತಿನಾದ್ಯಂತ ಹಾರ್ಡ್ ಡಿಸ್ಕಿನ ಬೆಲೆ ಏರಿತು. ಮುಳುಗಿದ ಯಂತ್ರಗಳಲ್ಲಿ ಉಳಿಯಬಲ್ಲವನ್ನು ಹೊರತೆಗೆದು, ಶುಚಿ ಮಾಡಿ, ಅದೇ ವರ್ಷದೊಳಗೆ ಒಂದಷ್ಟು ಉತ್ಪಾದನೆ ಮತ್ತೆ ಶುರುವಾಯಿತು. ಲಕ್ಷಾಂತರ ಡಾಲರಿನ ಯಂತ್ರವಿದ್ದಲ್ಲಿ ತೊಳೆದು ಉಳಿಸುವ ಖರ್ಚು ಗಿಟ್ಟುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಿಗೆ ನುಗ್ಗಿದ್ದು ಚರಂಡಿ ಬೆರೆತ ಕೆಸರು ನೀರು. ಅಂಥ ನೀರಿನಲ್ಲಿ ಮುಳುಗಿದ ಲಿಫ್ಟಿನ ಕಂಟ್ರೋಲ್ ಬೋರ್ಡು, ಕಾರಿನ ಇಸಿಯು ಮುಂತಾದವನ್ನು ತೊಳೆದು ಮತ್ತೆ ಹಾಕಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸೀದಾ: ಕೆಟ್ಟರೆ ಜೀವಕ್ಕೆ ಕುತ್ತು ತರುವ ಯಾವುದನ್ನೂ ಹಾಗೆ ಮಾಡಬಾರದು.

ಇದಕ್ಕೆ ಅಮೆರಿಕದಲ್ಲಿ ಒಂದು ದುಬಾರಿ ಸಾಕ್ಷಿ ಇದೆ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಯ ನ್ಯೂವರ್ಕ್ ಬಂದರಿಗೆ ಸಮುದ್ರವನ್ನೇ ನುಗ್ಗಿಸಿದಾಗ ಅಲ್ಲಿ ನಿಂತಿದ್ದ ಫಿಸ್ಕರ್ ಕರ್ಮ ಕಾರುಗಳಲ್ಲಿ ಹದಿನಾರು ಸುಟ್ಟುಹೋದವು. ದೊಡ್ಡ ಲಿಥಿಯಂ ಬ್ಯಾಟರಿಯ ಮೇಲೆ ಎಲ್ಲರಿಗೂ ಅನುಮಾನ. ಕಂಪನಿಯ ತನಿಖೆ ಬೊಟ್ಟು ಮಾಡಿದ್ದು ಸಾಮಾನ್ಯ 12 ವೋಲ್ಟ್ ಬ್ಯಾಟರಿಗೆ ತಾಗಿದ್ದ ಒಂದು ಕಂಟ್ರೋಲ್ ಯೂನಿಟ್ಟಿನತ್ತ: ಗಂಟೆಗಟ್ಟಲೆ ಸಮುದ್ರದ ನೀರಿನಲ್ಲಿ ಮುಳುಗಿದ ಅದರೊಳಗೆ ಉಪ್ಪು ಉಳಿದು, ಲೋಹ ತಿಂದು, ಶಾರ್ಟ್ ಆಗಿ ಒಂದು ಕಾರಿಗೆ ಹತ್ತಿದ ಬೆಂಕಿಯನ್ನು ಬಿರುಗಾಳಿ ಉಳಿದವುಗಳಿಗೆ ಹಬ್ಬಿಸಿತ್ತು.

ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘ ನೇಮಾ ನೀರಿನಲ್ಲಿ ಮುಳುಗಿದ ಸಲಕರಣೆಗಳಿಗೆಂದೇ ಒಂದು ಮಾರ್ಗಸೂಚಿ ಇಟ್ಟಿದೆ. ಮೋಟಾರು, ದೊಡ್ಡ ಸ್ವಿಚ್‌ಗೇರ್‌ಗಳಂಥವನ್ನು ತರಬೇತಿ ಪಡೆದವರು ಬಿಚ್ಚಿ, ತೊಳೆದು, ಒಣಗಿಸಿ, ಪರೀಕ್ಷಿಸಿ ಮತ್ತೆ ಬಳಸಬಹುದು ಎನ್ನುತ್ತದೆ ಅದು. ಮುಚ್ಚಿದ ಮೈಯ ಬ್ರೇಕರು, ಫ್ಯೂಸು, ಸೋರಿಕೆ ಕಂಡು ಕಡಿಯುವ ಸಾಧನಗಳನ್ನು ಎಸೆದು ಹೊಸದು ಹಾಕಿ ಎನ್ನುತ್ತದೆ. ಮಲಪ್ರಭಾ, ಕೃಷ್ಣಾ ತೀರದಲ್ಲಿ 2019ರಂಥ ನೆರೆ ಇಳಿದ ಮೇಲೆ ಪಂಪ್‌ಸೆಟ್ಟಿನ ಮೋಟಾರನ್ನು ವೈಂಡಿಂಗ್ ಅಂಗಡಿಗೆ ಒಯ್ಯುವ ರೈತ ಮಾಡುವುದು ಮೊದಲ ಪಟ್ಟಿಯ ಕೆಲಸವನ್ನೇ, ಅದು ಸರಿ. ಆದರೆ ಅದೇ ಶೆಡ್ಡಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕೆಸರು ಕುಡಿದ ಬ್ರೇಕರನ್ನು ಬಿಸಿಲಿಗೆ ಒಣಗಿಸಿ ವಾಪಸು ಕೂರಿಸುವುದೂ ರೂಢಿಯಲ್ಲಿದೆ. ಒಳಗೆ ಸ್ಪ್ರಿಂಗಿಗೆ ತುಕ್ಕು ಹಿಡಿದಿದ್ದರೂ ಮೇಲಿನ ಲಿವರು ಎಂದಿನಂತೆ ಮೇಲೆ ಕೆಳಗೆ ಆಡುತ್ತದೆ, ಪಂಪೂ ಓಡುತ್ತದೆ. ಫಾಲ್ಟ್ ಬಂದಾಗ ಅದು ಟ್ರಿಪ್ ಆಗುತ್ತದೋ ಇಲ್ಲವೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.